ಹತ್ತೊಂಬತ್ತರ ಮಾಲೆ: ಶೃಂಗೇರಿ ಸೀಮೆಯ ಹೆಸರಿನೊಡನೆ ಬೆಸೆದ ಒಂದು ಮಹಾಸಂಖ್ಯೆ

ತುಂಗಾ ಮತ್ತು ಭದ್ರಾ ನದಿಗಳ ಆಸರೆಯಲ್ಲಿ ಬೆಳೆದ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ಸೀಮೆಯು ಮಠ, ಬಸದಿ, ಅಗ್ರಹಾರಗಳ ಮೂಲಕ ಕರ್ನಾಟಕದ ವಿದ್ಯಾಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಶೃಂಗೇರಿಯ ಶಾರದಾಪೀಠ, ಕೊಪ್ಪ ತಾಲ್ಲೂಕಿನ ಹರಿಹರಪುರದ ಮಠ, ಹಿಂದೆ ಎಡೇಹಳ್ಳಿ ಎನಿಸಿದ್ದ ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ ಇವು ಈ ಪರಂಪರೆಯ ಪ್ರಸಿದ್ಧ ಕೇಂದ್ರಗಳು. ವೇದಾಂತ, ವ್ಯಾಕರಣ, ತರ್ಕಗಳ ಪ್ರಸಂಗದಲ್ಲಿ ಶೃಂಗೇರಿಯ ಹೆಸರು ಬರುವುದು ಸಹಜ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಗಣಿತದ ಪ್ರಸಂಗದಲ್ಲಿಯೂ ಈ ಊರಿನ ಹೆಸರು ಲೋಕದ ಅನೇಕ ಭಾಷೆಗಳಲ್ಲಿ ಪುನಃ ಪುನಃ ಉಲ್ಲೇಖಗೊಳ್ಳುತ್ತಿದೆ. ಅದಕ್ಕೆ ಕಾರಣವಾದುದು 1965ರಲ್ಲಿ ಪ್ರಕಟವಾದ 'ವೇದಿಕ್ ಮ್ಯಾಥಮ್ಯಾಟಿಕ್ಸ್' ಎಂಬ ಇಂಗ್ಲಿಷ್ ಗ್ರಂಥ. ಆ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಓದುಗನಿಗೆ ಎದುರಾಗುವುದು 052631578947368421 ಎಂಬ ಹದಿನೆಂಟು ಅಂಕೆಗಳ ಸಾಲು. ಈ ಸಂಖ್ಯೆಯ ಗುಣಗಳು ಯಾವುವು, ಶೃಂಗೇರಿಗೂ ಇದಕ್ಕೂ ಇರುವ ಸಂಬಂಧದ ಆಧಾರವೇನು, ಕರ್ನಾಟಕದ ಪ್ರಾಚೀನ ಗಣಿತದಲ್ಲಿ ಇದಕ್ಕೆ ಸಮೀಪವಾದುದು ಯಾವುದು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

1. ಗ್ರಂಥಕರ್ತರು ಮತ್ತು ಶೃಂಗೇರಿ

ಗ್ರಂಥದ ಕರ್ತೃ ಭಾರತೀ ಕೃಷ್ಣತೀರ್ಥರು (1884-1960). ಪೂರ್ವಾಶ್ರಮದಲ್ಲಿ ವೆಂಕಟರಾಮನ್ ಎಂಬ ಹೆಸರಿನ ಇವರು ತಮಿಳುನಾಡಿನ ತಿರುನೆಲ್ವೇಲಿಯವರು. ರಾಜಮಹೇಂದ್ರಿಯ ರಾಷ್ಟ್ರೀಯ ಕಾಲೇಜಿನ ಪ್ರಾಂಶುಪಾಲರಾಗಿದ್ದು, ಆ ಹುದ್ದೆಯನ್ನು ತೊರೆದು ವೇದಾಂತಾಭ್ಯಾಸಕ್ಕಾಗಿ ಶೃಂಗೇರಿಯ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳ ಸನ್ನಿಧಿಗೆ ಬಂದರು. 1919ರಲ್ಲಿ ಕಾಶಿಯಲ್ಲಿ ಸಂನ್ಯಾಸ ಸ್ವೀಕರಿಸಿ, 1921ರಲ್ಲಿ ದ್ವಾರಕೆಯ ಶಾರದಾಪೀಠವನ್ನೂ 1925ರಲ್ಲಿ ಪುರಿಯ ಗೋವರ್ಧನಪೀಠವನ್ನೂ ಅಲಂಕರಿಸಿದರು. ಅವರು ಶೃಂಗೇರಿಯ ಪೀಠಾಧಿಪತಿಗಳಾಗಿರಲಿಲ್ಲ. ವಿದ್ಯಾರ್ಥಿಯಾಗಿ, ಸಾಧಕರಾಗಿ ಅಲ್ಲಿ ಇದ್ದವರು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.

ಗ್ರಂಥವು ಅವರು ದೇಹತ್ಯಾಗ ಮಾಡಿದ ಐದು ವರ್ಷಗಳ ನಂತರ ಕಾಶಿ ಹಿಂದೂ ವಿಶ್ವವಿದ್ಯಾನಿಲಯದಿಂದ ವಾಸುದೇವ ಶರಣ ಅಗ್ರವಾಲರ ಸಂಪಾದಕತ್ವದಲ್ಲಿ ಹೊರಬಂದಿತು. ಅದರಲ್ಲಿ ಸೇರಿರುವ ಮಂಜುಳಾ ತ್ರಿವೇದಿಯವರ ಪರಿಚಯ ಲೇಖನದ ಪ್ರಕಾರ, ಸ್ವಾಮಿಗಳು ಶೃಂಗೇರಿಯ ಸುತ್ತಲಿನ ಅರಣ್ಯದಲ್ಲಿ ಸುಮಾರು ಎಂಟು ವರ್ಷ ತಪಸ್ಸು ಮತ್ತು ಅನ್ವೇಷಣೆ ನಡೆಸಿ ಅಥರ್ವವೇದದ ನೆಲೆಯಿಂದ ಹದಿನಾರು ಗಣಿತ ಸೂತ್ರಗಳನ್ನು ಪುನಾರಚಿಸಿದರು. ಒಂದೊಂದು ಸೂತ್ರಕ್ಕೆ ಒಂದರಂತೆ ಬರೆದಿದ್ದ ಹದಿನಾರು ಸಂಪುಟಗಳ ಹಸ್ತಪ್ರತಿ ಶಿಷ್ಯರೊಬ್ಬರ ಮನೆಯಲ್ಲಿ ಕಾಣದಾಯಿತು. ಇಂದು ಉಳಿದಿರುವುದು ಇಳಿವಯಸ್ಸಿನಲ್ಲಿ ನೆನಪಿನಿಂದ ಬರೆದ ಒಂದು ಪ್ರವೇಶ ಸಂಪುಟ ಮಾತ್ರ.

ಈ ನಿರೂಪಣೆಯಲ್ಲಿ ಬರುವ ಕಾಲಾವಧಿ 1911ರಿಂದ 1918. ಶ್ರೀ ಶಿವಾಭಿನವ ನೃಸಿಂಹ ಭಾರತಿಗಳು 1912ರಲ್ಲಿ ಬ್ರಹ್ಮೀಭೂತರಾದರು. ಆದುದರಿಂದ ಈ ಎಂಟು ವರ್ಷಗಳಲ್ಲಿ ಹೆಚ್ಚಿನ ಭಾಗ ಶ್ರೀ ಚಂದ್ರಶೇಖರ ಭಾರತಿಗಳ (1912-1954) ಪೀಠಾಧಿಪತ್ಯದ ಕಾಲಕ್ಕೆ ಸೇರುತ್ತದೆ. ಶೃಂಗೇರಿಯ ಗಣಿತ ಸಂಬಂಧವನ್ನು ಹೇಳುವ ಬರಹಗಳು ಸಾಮಾನ್ಯವಾಗಿ ಹಿಂದಿನ ಗುರುಗಳ ಹೆಸರನ್ನಷ್ಟೇ ಎತ್ತಿಕೊಳ್ಳುವುದರಿಂದ ಈ ಕಾಲಕ್ರಮ ಮರೆಯಾಗಿದೆ.

2. ಸಂಖ್ಯೆಯ ರಚನೆ

ಒಂದನ್ನು ಹತ್ತೊಂಬತ್ತರಿಂದ ಭಾಗಿಸಿದಾಗ ದೊರೆಯುವ ದಶಮಾಂಶವು ಕೊನೆಗಾಣದೆ, ಹದಿನೆಂಟು ಅಂಕೆಗಳ ಒಂದೇ ಸಾಲನ್ನು ಮರಳಿ ಮರಳಿ ತರುತ್ತದೆ. ಆ ಸಾಲೇ 052631578947368421. ಆರಂಭದ ಸೊನ್ನೆಯನ್ನು ಬಿಟ್ಟರೆ ಇದು ಹದಿನೇಳು ಸ್ಥಾನಗಳ ಪೂರ್ಣಸಂಖ್ಯೆ. ಇದನ್ನು ಹತ್ತೊಂಬತ್ತರಿಂದ ಗುಣಿಸಿದರೆ ಹದಿನೆಂಟು ಒಂಬತ್ತುಗಳು ಸಾಲಾಗಿ ನಿಲ್ಲುತ್ತವೆ.

ಭಾರತೀ ಕೃಷ್ಣತೀರ್ಥರು ಈ ಸಂಖ್ಯೆಯನ್ನು ಭಾಗಾಕಾರವಿಲ್ಲದೆ ಪಡೆಯುವ ವಿಧಾನವನ್ನು 'ಏಕಾಧಿಕೇನ ಪೂರ್ವೇಣ' ಎಂಬ ಸೂತ್ರದ ಅಡಿಯಲ್ಲಿ ನೀಡಿದ್ದಾರೆ. ಹಿಂದಿನದಕ್ಕಿಂತ ಒಂದು ಹೆಚ್ಚಾದುದರಿಂದ ಎಂಬುದು ಸೂತ್ರದ ಅರ್ಥ. 19ರಲ್ಲಿ 9ರ ಹಿಂದಿನ ಅಂಕೆ 1; ಅದಕ್ಕಿಂತ ಒಂದು ಹೆಚ್ಚಾದುದು 2. ಬಲತುದಿಯಲ್ಲಿ 1 ಎಂದು ಬರೆದು, ಎಡಕ್ಕೆ ಸಾಗುತ್ತ ಪ್ರತಿ ಅಂಕೆಯನ್ನೂ 2ರಿಂದ ಗುಣಿಸುತ್ತ ಹೋಗಬೇಕು. 1, 2, 4, 8 ಆದ ಮೇಲೆ 16 ಬರುತ್ತದೆ. 6 ಬರೆದು 1ನ್ನು ಮುಂದಿನ ಸ್ಥಾನಕ್ಕೆ ಒಯ್ಯಬೇಕು. 6ರ ಎರಡರಷ್ಟು 12, ಒಯ್ದ 1 ಸೇರಿ 13; 3 ಬರೆದು ಮತ್ತೆ 1ನ್ನು ಒಯ್ಯಬೇಕು. ಹೀಗೆ ಹದಿನೆಂಟು ಹೆಜ್ಜೆ ನಡೆದಾಗ ಸಾಲು ಪೂರ್ಣವಾಗಿ, ಅನಂತರ ಪುನಃ ಮೊದಲಿನ 1 ಕಾಣಿಸಿಕೊಳ್ಳುತ್ತದೆ. ಎರಡರ ಮಗ್ಗಿ ಬಲ್ಲ ಬಾಲಕನೂ ಒಂದು ನಿಮಿಷದೊಳಗೆ ಬರೆಯಬಹುದಾದ ಲೆಕ್ಕವಿದು.

ಈ ವಿಧಾನಕ್ಕೆ ಸರಳವಾದ ಉಪಪತ್ತಿಯುಂಟು. ಸಾಲಿನ ಕೊನೆಯ 1ನ್ನು ತೆಗೆದು ಆರಂಭಕ್ಕೆ ಇಟ್ಟರೆ 105263157894736842 ದೊರೆಯುತ್ತದೆ. ಇದು ಮೂಲಸಂಖ್ಯೆಯ ಎರಡರಷ್ಟು. ಮೂಲಸಂಖ್ಯೆಯನ್ನು 'ನ' ಎಂದು ಕರೆಯೋಣ. ಕೊನೆಯ 1ನ್ನು ಕಳೆದು ಉಳಿದುದನ್ನು ಹತ್ತರಿಂದ ಭಾಗಿಸಿ, ಅದಕ್ಕೆ ಹತ್ತರ ಹದಿನೇಳನೆಯ ಘಾತವನ್ನು ಕೂಡಿಸಿದರೆ 'ನ'ದ ಎರಡರಷ್ಟು ಬರಬೇಕು. ಎರಡು ಪಕ್ಷಗಳನ್ನೂ ಹತ್ತರಿಂದ ಗುಣಿಸಿದಾಗ, 'ನ'ದ ಇಪ್ಪತ್ತರಷ್ಟು ಎಂಬುದು ಹತ್ತರ ಹದಿನೆಂಟನೆಯ ಘಾತ ಮತ್ತು 'ನ' ಇವುಗಳ ಮೊತ್ತದಲ್ಲಿ ಒಂದನ್ನು ಕಳೆದುದಕ್ಕೆ ಸಮವಾಗುತ್ತದೆ. ಎಂದರೆ 'ನ'ದ ಹತ್ತೊಂಬತ್ತರಷ್ಟು ಹದಿನೆಂಟು ಒಂಬತ್ತುಗಳ ಸಂಖ್ಯೆಯೇ ಆಗಬೇಕು. 19 ಎಂಬುದು 20ಕ್ಕಿಂತ ಒಂದು ಕಡಿಮೆ ಎಂಬುದರಲ್ಲಿಯೇ ಇಡೀ ವಿಧಾನದ ಬೀಜವಿದೆ. 29ಕ್ಕೆ ಇದೇ ರೀತಿ 3ರಿಂದ, 49ಕ್ಕೆ 5ರಿಂದ ಗುಣಿಸುತ್ತ ಹೋಗಬಹುದು.

3. ಸಂಖ್ಯೆಯ ವೈಚಿತ್ರ್ಯಗಳು

ಮೊದಲನೆಯದಾಗಿ, ಈ ಸಂಖ್ಯೆಯನ್ನು 2ರಿಂದ 18ರವರೆಗಿನ ಯಾವ ಸಂಖ್ಯೆಯಿಂದ ಗುಣಿಸಿದರೂ ಅವೇ ಹದಿನೆಂಟು ಅಂಕೆಗಳು ಅದೇ ಅನುಕ್ರಮದಲ್ಲಿ, ಬೇರೊಂದು ಸ್ಥಾನದಿಂದ ಆರಂಭವಾಗಿ ಬರುತ್ತವೆ. 3ರಿಂದ ಗುಣಿಸಿದರೆ 157894736842105263. 9ರಿಂದ ಗುಣಿಸಿದರೆ 473684210526315789. ಅಂಕೆಗಳನ್ನು ವೃತ್ತಾಕಾರವಾಗಿ ಬರೆದರೆ ಹದಿನೆಂಟು ಮಣಿಗಳ ಒಂದೇ ಮಾಲೆಯನ್ನು ಬೇರೆ ಬೇರೆ ಮಣಿಯಿಂದ ಎಣಿಸತೊಡಗಿದಂತೆ ಇದು ತೋರುತ್ತದೆ. ಕಾರಣವೂ ಭಾಗಾಕಾರದಲ್ಲಿಯೇ ಅಡಗಿದೆ. 19ರಿಂದ ಭಾಗಿಸುವಾಗ 1ರಿಂದ 18ರವರೆಗಿನ ಶೇಷಗಳು ಮಾತ್ರ ಸಾಧ್ಯ. ಇಲ್ಲಿ ಅವೆಲ್ಲವೂ ಒಮ್ಮೊಮ್ಮೆ ಬಂದ ಮೇಲೆಯೇ ಮೊದಲ ಶೇಷ ಮರಳುತ್ತದೆ. ಆದುದರಿಂದ ಯಾವ ಶೇಷದಿಂದ ಹೊರಟರೂ ಅದೇ ಚಕ್ರದಲ್ಲಿ ಸಾಗಬೇಕಾಗುತ್ತದೆ. 7, 17, 19, 23, 29 ಮುಂತಾದ ಅವಿಭಾಜ್ಯ ಸಂಖ್ಯೆಗಳಿಗೆ ಈ ಗುಣವಿದೆ. 11, 13 ಮೊದಲಾದವುಗಳಿಗೆ ಇಲ್ಲ. ಇಂತಹ ಅವಿಭಾಜ್ಯಗಳು ಅನಂತವೇ ಎಂಬುದು 1927ರಲ್ಲಿ ಎಮಿಲ್ ಆರ್ಟಿನ್ ಮುಂದಿಟ್ಟ ಊಹೆಗೆ ಸಂಬಂಧಿಸಿದ ಪ್ರಶ್ನೆ. ಅದಕ್ಕೆ ಸಂಪೂರ್ಣ ಸಾಧನೆ ಇನ್ನೂ ದೊರೆತಿಲ್ಲ.

ಎರಡನೆಯದಾಗಿ, ಸಾಲನ್ನು ಎರಡು ಸಮಭಾಗ ಮಾಡಿ ಕೂಡಿದರೆ 052631578 + 947368421 = 999999999 ಆಗುತ್ತದೆ. ಮೂರು ಭಾಗ ಮಾಡಿದರೆ 052631 + 578947 + 368421 = 999999. ಇದರಲ್ಲಿ ಅರ್ಧ ಭಾಗದ ಗುಣವನ್ನು ಫ್ರಾನ್ಸಿನ ಮಿಡಿ ಎಂಬ ಗಣಿತಜ್ಞನು 1836ರಲ್ಲಿ ಪ್ರಮೇಯ ರೂಪದಲ್ಲಿ ಪ್ರಕಟಿಸಿದನು. ಇದರಿಂದಾಗಿ ಒಂಬತ್ತು ಅಂಕೆಗಳನ್ನು ಪಡೆದ ಕೂಡಲೇ ಉಳಿದ ಒಂಬತ್ತನ್ನು 9ರಿಂದ ಕಳೆಯುತ್ತ ಬರೆಯಬಹುದು. ಈ ಸೌಲಭ್ಯವನ್ನು ಭಾರತೀ ಕೃಷ್ಣತೀರ್ಥರೂ ತಮ್ಮ ಗ್ರಂಥದಲ್ಲಿ ಬಳಸಿಕೊಂಡಿದ್ದಾರೆ. ಒಂಬತ್ತು ಜೋಡಿಗಳಲ್ಲಿ ಪ್ರತಿಯೊಂದರ ಮೊತ್ತ 9 ಆಗಿರುವುದರಿಂದ ಹದಿನೆಂಟು ಅಂಕೆಗಳ ಒಟ್ಟು ಮೊತ್ತ 81.

ಮೂರನೆಯದಾಗಿ, 1ರಿಂದ 18ರವರೆಗಿನ ಗುಣಲಬ್ಧಗಳನ್ನು ಒಂದರ ಕೆಳಗೊಂದು ಬರೆದರೆ ಹದಿನೆಂಟು ಸಾಲು, ಹದಿನೆಂಟು ಕಂಬಗಳ ಚೌಕವಾಗುತ್ತದೆ. ಅದರ ಪ್ರತಿ ಅಡ್ಡಸಾಲಿನ ಮೊತ್ತ 81, ಪ್ರತಿ ಕಂಬಸಾಲಿನ ಮೊತ್ತ 81. ಇಷ್ಟು ಗುಣ ಇದೇ ವರ್ಗದ ಇತರ ಅವಿಭಾಜ್ಯಗಳ ಚೌಕಗಳಲ್ಲಿಯೂ ತಕ್ಕ ಮೊತ್ತಗಳೊಡನೆ ಕಾಣುತ್ತದೆ. ಆದರೆ 19ರ ಚೌಕದಲ್ಲಿ ಎರಡು ಕರ್ಣಗಳ ಮೊತ್ತವೂ 81 ಆಗಿರುವುದು ವಿಶೇಷ. 7ರ ಚೌಕದಲ್ಲಿ ಸಾಲುಗಳ ಮೊತ್ತ 27 ಇದ್ದರೆ ಮುಖ್ಯ ಕರ್ಣದ ಮೊತ್ತ 31. 17ರ ಚೌಕದಲ್ಲಿ ಸಾಲುಗಳ ಮೊತ್ತ 72 ಇದ್ದರೆ ಮುಖ್ಯ ಕರ್ಣದ್ದು 40. ಹೀಗೆ ಪೂರ್ಣ ಮಾಯಾಚೌಕವನ್ನು ಕೊಡುವ ಅವಿಭಾಜ್ಯಗಳಲ್ಲಿ 19 ಅತ್ಯಂತ ಚಿಕ್ಕದು.

ನಾಲ್ಕನೆಯ ವೈಚಿತ್ರ್ಯವು ಇತ್ತೀಚೆಗೆ ಜನಪ್ರಿಯವಾಯಿತು. ಕೊನೆಯ ಅಂಕೆಯನ್ನು ಆರಂಭಕ್ಕೆ ತಂದರೆ ಎರಡರಷ್ಟಾಗುವ, ಸೊನ್ನೆಯಿಂದ ಆರಂಭವಾಗದ ಅತ್ಯಂತ ಚಿಕ್ಕ ಪೂರ್ಣಸಂಖ್ಯೆ 105263157894736842. ಅದರ ಕೊನೆಯ 2ನ್ನು ಮುಂದಕ್ಕೆ ತಂದರೆ 210526315789473684 ಆಗುತ್ತದೆ. ಅಂತಹ ಸಂಖ್ಯೆಯಲ್ಲಿ ಹದಿನೆಂಟು ಅಂಕೆಗಳಿರಬೇಕೆಂದು ಭೌತವಿಜ್ಞಾನಿ ಫ್ರೀಮನ್ ಡೈಸನ್ ಕ್ಷಣಮಾತ್ರದಲ್ಲಿ ಹೇಳಿದ ಸಂಗತಿ 2009ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ವರದಿಯಾದ ನಂತರ ಇದು ಡೈಸನ್ ಸಂಖ್ಯೆ ಎಂದೂ ಕರೆಯಲ್ಪಟ್ಟಿತು. ಅದು ಹತ್ತೊಂಬತ್ತರ ಮಾಲೆಯ ಎರಡನೆಯ ಗುಣಲಬ್ಧವೇ ಆಗಿದೆ.

4. ಮೂಲದ ಪ್ರಶ್ನೆ

ಸಂಖ್ಯೆಯ ಗುಣಗಳು ಯಾರ ಸಾಕ್ಷ್ಯವನ್ನೂ ಬೇಡುವುದಿಲ್ಲ. ಕಾಗದ ಮತ್ತು ಲೇಖನಿ ಇದ್ದವರು ಪರೀಕ್ಷಿಸಿ ನೋಡಬಹುದು. ಆದರೆ ವಿಧಾನವು ಅಥರ್ವವೇದದ್ದು ಎಂಬ ಮಾತು ಚರಿತ್ರೆಗೆ ಸಂಬಂಧಿಸಿದುದು. ಅದಕ್ಕೆ ಗ್ರಂಥಾಧಾರ ಬೇಕು. ಅಥರ್ವವೇದದ ಪರಿಶಿಷ್ಟಗಳನ್ನು ಬೋಲಿಂಗ್ ಮತ್ತು ನೆಗೆಲೈನ್ ಎಂಬ ವಿದ್ವಾಂಸರು 1909-10ರಲ್ಲಿಯೇ ಸಂಪಾದಿಸಿ ಪ್ರಕಟಿಸಿದ್ದರು. 1950ರಲ್ಲಿ ಭಾರತೀ ಕೃಷ್ಣತೀರ್ಥರು ಲಖನೌಗೆ ಬಂದಾಗ ಗಣಿತೇತಿಹಾಸಜ್ಞ ಕೃಪಾಶಂಕರ ಶುಕ್ಲರು ಆ ಗ್ರಂಥವನ್ನು ಮುಂದಿಟ್ಟು, ಸೂತ್ರಗಳು ಅದರಲ್ಲಿ ಎಲ್ಲಿವೆ ಎಂದು ಕೇಳಿದರು. ಅವು ತಮ್ಮದೇ ಆದ ಪರಿಶಿಷ್ಟದಲ್ಲಿವೆ ಎಂದು ಸ್ವಾಮಿಗಳು ಉತ್ತರಿಸಿದುದನ್ನು ಶುಕ್ಲರು ದಾಖಲಿಸಿದ್ದಾರೆ. ಸಂಪಾದಕ ಅಗ್ರವಾಲರೂ ತಮ್ಮ ಪೀಠಿಕೆಯಲ್ಲಿ ಈ ಸೂತ್ರಗಳು ತಿಳಿದಿರುವ ಪರಿಶಿಷ್ಟಗಳಲ್ಲಿ ಇಲ್ಲವೆಂಬುದನ್ನು ಒಪ್ಪಿ, ಈ ಕೃತಿಯನ್ನೇ ಒಂದು ಹೊಸ ಪರಿಶಿಷ್ಟವೆಂದು ಭಾವಿಸಬೇಕೆಂದು ಸೂಚಿಸಿದ್ದಾರೆ. ಬೆಳಗಾವಿಯಲ್ಲಿ ಜನಿಸಿದ ಗಣಿತಜ್ಞ ಎಸ್. ಜಿ. ದಾನಿಯವರು 1993ರಲ್ಲಿ 'ಫ್ರಂಟ್‌ಲೈನ್' ಪತ್ರಿಕೆಯಲ್ಲಿ ಪ್ರಕಟಿಸಿದ ವಿಸ್ತೃತ ಲೇಖನದಲ್ಲಿ ಗ್ರಂಥದ ವಿಷಯವೂ ವೇದಕಾಲದ ಗಣಿತವೂ ಬೇರೆ ಬೇರೆ ಎಂಬುದನ್ನು ವಿವರಿಸಿದ್ದಾರೆ.

ಇದಕ್ಕೆ ಪೂರಕವಾದ ಇನ್ನೊಂದು ಅಂಶವಿದೆ. ಯಜುರ್ವೇದದಲ್ಲಿ ಏಕದಿಂದ ಪರಾರ್ಧದವರೆಗೆ, ಎಂದರೆ ಹತ್ತರ ಹನ್ನೆರಡನೆಯ ಘಾತದವರೆಗೆ, ಸ್ಥಾನನಾಮಗಳಿವೆ. ದೊಡ್ಡ ಸಂಖ್ಯೆಗಳ ಕಲ್ಪನೆ ಅಲ್ಲಿ ಸ್ಪಷ್ಟವಾಗಿದೆ. ಆದರೆ 1/19ನ್ನು ಆವರ್ತ ದಶಮಾಂಶವಾಗಿ ಬರೆಯಲು ಏಕಸ್ಥಾನದ ಬಲಕ್ಕೂ ಸ್ಥಾನಗಳನ್ನು ವಿಸ್ತರಿಸುವ ಪದ್ಧತಿ ಬೇಕು. ಅದು ಯುರೋಪಿನಲ್ಲಿ 1585ರ ಸೈಮನ್ ಸ್ಟೆವಿನ್‌ನ ಪುಸ್ತಕದ ನಂತರ ಪ್ರಚಾರಕ್ಕೆ ಬಂದಿತು. 1801ರಲ್ಲಿ ಗೌಸ್ ತನ್ನ ಸಂಖ್ಯಾಶಾಸ್ತ್ರ ಗ್ರಂಥದ ಕೊನೆಯಲ್ಲಿ ನೂರರೊಳಗಿನ ಛೇದಗಳ ಆವರ್ತಗಳನ್ನು ಕೋಷ್ಟಕವಾಗಿ ಕೊಟ್ಟಿದ್ದಾನೆ. ಹತ್ತೊಂಬತ್ತರ ಮಾಲೆಯೂ ಅದರಲ್ಲಿ ಸೇರಿದೆ. ಆದುದರಿಂದ ಭಾರತೀ ಕೃಷ್ಣತೀರ್ಥರ ಹಿರಿಮೆಯನ್ನು ಸಂಖ್ಯೆಯ ಶೋಧದಲ್ಲಿ ಹುಡುಕುವುದಕ್ಕಿಂತ, ಅದನ್ನು ಎರಡರ ಮಗ್ಗಿಗೆ ಇಳಿಸಿ ಬೋಧನೆಗೆ ಒಗ್ಗಿಸಿದ ಕೌಶಲದಲ್ಲಿ ಕಾಣುವುದು ಯುಕ್ತ. ಆ ಕೌಶಲವನ್ನು ಅವರ ಹೆಸರಿನಿಂದ ಬೇರ್ಪಡಿಸಿ ವೇದಕ್ಕೆ ಒಪ್ಪಿಸಿದರೆ ಆಧುನಿಕ ಕಾಲದ ಒಬ್ಬ ಪ್ರತಿಭಾವಂತ ಗಣಕನಿಗೆ ಸಲ್ಲಬೇಕಾದ ಮನ್ನಣೆ ತಪ್ಪುತ್ತದೆ.

ಶೃಂಗೇರಿಯ ಚರಿತ್ರೆಯನ್ನು ಅಭ್ಯಸಿಸುವವರಿಗೆ ಸಾಕ್ಷ್ಯದ ಬೆಲೆ ಹೊಸದಲ್ಲ. ಮಠದ ಆಡಳಿತ, ಭೂಮಿ, ಕಾಣಿಕೆಗಳ ವಿವರಗಳುಳ್ಳ ಕಡತಗಳನ್ನು ಡಾ. ಎ. ಕೆ. ಶಾಸ್ತ್ರಿಯವರು ಪರಿಶೋಧಿಸಿ ಪ್ರಕಟಿಸಿದ ಮೇಲೆ ಆ ಸೀಮೆಯ ಸಾಮಾಜಿಕ ಇತಿಹಾಸಕ್ಕೆ ಗಟ್ಟಿ ನೆಲೆ ದೊರೆಯಿತು. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಮಸಿಯನ್ನು ಲೇಪಿಸಿ ಬಳಪದಿಂದ ಬರೆದ ಆ ಲೆಕ್ಕಗಳಿಗೆ ಅನ್ವಯಿಸುವ ಅಳತೆಗೋಲೇ ಗಣಿತದ ಐತಿಹ್ಯಕ್ಕೂ ಅನ್ವಯಿಸಬೇಕಾದುದು ನ್ಯಾಯ.

5. ಕರ್ನಾಟಕದ ಕಂಠಿಕೆಗಳು

ವೈಚಿತ್ರ್ಯವುಳ್ಳ ಮಹಾಸಂಖ್ಯೆಗಳನ್ನು ಕಂಡು ಬೆರಗಾಗುವ, ಅವನ್ನು ಶಿಷ್ಯರಿಗೆ ಲೆಕ್ಕವಾಗಿ ಒಡ್ಡುವ ಪರಂಪರೆ ಕರ್ನಾಟಕದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಅದಕ್ಕೆ ಖಚಿತವಾದ ಆಧಾರವೂ ಇದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಸ್ತುತಿಸಿರುವ ಜೈನ ಗಣಿತಜ್ಞ ಮಹಾವೀರಾಚಾರ್ಯನು ಕ್ರಿ.ಶ. 850ರ ಸುಮಾರಿಗೆ ರಚಿಸಿದ 'ಗಣಿತಸಾರಸಂಗ್ರಹ'ವೇ ಆ ಆಧಾರ. ಅದರ ಪರಿಕರ್ಮ ವ್ಯವಹಾರದ ಆರಂಭದಲ್ಲಿ, ಪ್ರತ್ಯುತ್ಪನ್ನ ಎನ್ನಲಾಗುವ ಗುಣಾಕಾರದ ಪ್ರಕರಣದಲ್ಲಿ, ಅವನು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಒಂದೇ ಆಗಿ ಓದಬಹುದಾದ ಗುಣಲಬ್ಧಗಳನ್ನು ಕೊಡುತ್ತಾನೆ. ಅವನ್ನು ಕಂಠಿಕೆ, ಕಂಠಾಭರಣಗಳೆಂದು ವರ್ಣಿಸುತ್ತಾನೆ:

139 × 109 = 15151
152207 × 73 = 11111111
12345679 × 9 = 111111111
142857143 × 7 = 1000000001
27994681 × 441 = 12345654321
333333666667 × 33 = 11000011000011

ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟವನೂ ಈ ಮಹಾವೀರನೇ. ಅವನ ಪಟ್ಟಿಯಂತೆ ಓದಿದರೆ ಹತ್ತೊಂಬತ್ತರ ಸಂಖ್ಯೆಯ ಮೊದಲ 5 ಹದಿನೇಳನೆಯದಾದ ಕ್ಷೋಣಿಯ ಸ್ಥಾನದಲ್ಲಿ ನಿಲ್ಲುತ್ತದೆ.

ಈ ಕಂಠಿಕೆಗಳಿಗೂ ಹತ್ತೊಂಬತ್ತರ ಮಾಲೆಗೂ ಇರುವ ನಂಟು ಹೊರನೋಟದ್ದಷ್ಟೇ ಅಲ್ಲ. ಹದಿನೆಂಟು ಒಂಬತ್ತುಗಳ ಸಂಖ್ಯೆಯನ್ನು 999999999 × 1000000001 ಎಂದು ಒಡೆಯಬಹುದು. ಇವುಗಳಲ್ಲಿ ಎರಡನೆಯದು ಮಹಾವೀರನು 7 ಮತ್ತು 142857143ರಿಂದ ಪಡೆದ ಕಂಠಿಕೆಯೇ. ಅದೇ ಸಂಖ್ಯೆಯನ್ನು 19ರಿಂದಲೂ ನಿಶ್ಶೇಷವಾಗಿ ಭಾಗಿಸಬಹುದು, ಭಾಗಲಬ್ಧ 52631579. ಮೊದಲನೆಯ ಅಪವರ್ತನವಾದ 999999999 ಎಂಬುದು ಮಹಾವೀರನ ಇನ್ನೊಂದು ಗುಣ್ಯವಾದ 12345679ರ 81ರಷ್ಟು. ಇವೆರಡನ್ನೂ ಸೇರಿಸಿದಾಗ

52631578947368421 = 81 × 12345679 × 52631579

ಎಂಬ ಸಮತೆ ದೊರೆಯುತ್ತದೆ. ರಾಷ್ಟ್ರಕೂಟರ ಕಾಲದ ಕಂಠಿಕೆಯೊಂದರ ಗುಣ್ಯವು ಇಪ್ಪತ್ತನೆಯ ಶತಮಾನದಲ್ಲಿ ಶೃಂಗೇರಿಯ ಹೆಸರಿನೊಡನೆ ಪ್ರಸಿದ್ಧವಾದ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ. ಜೊತೆಯಲ್ಲಿರುವ 81 ಮಾಯಾಚೌಕದ ಮೊತ್ತವೂ ಹೌದು. ಇದರಿಂದ ಮಹಾವೀರನಿಗೆ 1/19ರ ಆವರ್ತ ತಿಳಿದಿತ್ತು ಎಂದು ಹೇಳಲಾಗದು. ಅವನ ಗ್ರಂಥದಲ್ಲಿರುವುದು ಪೂರ್ಣಸಂಖ್ಯೆಗಳ ಗುಣಾಕಾರ, ದಶಮಾಂಶ ಭಿನ್ನವಲ್ಲ. ಒಂದುಗಳ ಸಾಲನ್ನೂ ಒಂಬತ್ತುಗಳ ಸಾಲನ್ನೂ ಒಡೆದು ನೋಡುವ ಕುತೂಹಲ ಎರಡು ಕಾಲಗಳಲ್ಲಿ ಇಬ್ಬರನ್ನು ಒಂದೇ ಸಂಖ್ಯಾಕುಟುಂಬದ ಬಳಿಗೆ ಕರೆದೊಯ್ದಿದೆ ಎಂದಷ್ಟೇ ಹೇಳಬಹುದು.

'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಭಾರತೀ ಕೃಷ್ಣತೀರ್ಥರು ಶೃಂಗೇರಿಯಲ್ಲಿದ್ದರೆಂದು ಹೇಳಲಾಗುವ ವರ್ಷಗಳಲ್ಲಿಯೇ ಈ ಮುದ್ರಣ ಹೊರಬಂದಿತೆಂಬುದು ಕಾಲದ ಯೋಗಾಯೋಗ. ಕನ್ನಡ ಅನುವಾದ ಸಹಿತವಾದ ಆವೃತ್ತಿಯನ್ನು ಡಾ. ಪದ್ಮಾವತಮ್ಮನವರು ಸಿದ್ಧಪಡಿಸಿದರು, ಅದನ್ನು 2000ದಲ್ಲಿ ಮಲೆನಾಡಿನದೇ ಆದ ಹೊಂಬುಜದ ಜೈನಮಠ ಪ್ರಕಟಿಸಿತು. ಶೃಂಗೇರಿ ಪಟ್ಟಣದಲ್ಲಿ ಹನ್ನೆರಡನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ, ನರಸಿಂಹರಾಜಪುರದಲ್ಲಿ ಸಿಂಹನಗದ್ದೆಯಿದೆ. ಜೈನ ಆಚಾರ್ಯನೊಬ್ಬನ ಗಣಿತ ಈ ನೆಲಕ್ಕೆ ಪರಕೀಯವಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವೇ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿದುದನ್ನೂ ಇಲ್ಲಿ ನೆನೆಯಬೇಕು.

6. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಹತ್ತೊಂಬತ್ತರ ಮಾಲೆಯ ಗುಣಗಳು ಗಣಿತದಿಂದ ಸಿದ್ಧವಾದವು. ಅವುಗಳಿಗೆ ಪ್ರಾಚೀನತೆಯ ಮುದ್ರೆ ಬೇಕಾಗಿಲ್ಲ. ಅದನ್ನು ಸುಲಭವಾಗಿ ಬರೆಯುವ ವಿಧಾನವನ್ನು ಜನಪ್ರಿಯಗೊಳಿಸಿದ ಕೀರ್ತಿ ಭಾರತೀ ಕೃಷ್ಣತೀರ್ಥರದು. ಶೃಂಗೇರಿಯ ಪಾತ್ರಕ್ಕೆ ಆಧಾರ ಅವರ ಶಿಷ್ಯೆಯ ನಿರೂಪಣೆ, ಅಥರ್ವವೇದದ ಪಾತ್ರಕ್ಕಾದರೋ ಪ್ರಕಟಿತ ಪರಿಶಿಷ್ಟಗಳಲ್ಲಿ ಬೆಂಬಲವಿಲ್ಲ. ಸಂಖ್ಯಾವೈಚಿತ್ರ್ಯದ ಲಿಖಿತ, ಕಾಲನಿರ್ದಿಷ್ಟ ಪರಂಪರೆ ಕರ್ನಾಟಕಕ್ಕೆ ಒಂಬತ್ತನೆಯ ಶತಮಾನದಿಂದಲೇ ಇದೆ.

ಪಾಠಶಾಲೆಗಳಲ್ಲಿಯೂ ಸಾರ್ವಜನಿಕ ಉಪನ್ಯಾಸಗಳಲ್ಲಿಯೂ ಪ್ರಾಚೀನ ಭಾರತೀಯ ಗಣಿತವೆಂದರೆ ಹದಿನಾರು ಸೂತ್ರಗಳೇ ಎಂಬ ಭಾವನೆ ಬೇರೂರಿದಲ್ಲೆಲ್ಲ ಮಹಾವೀರ, ರಾಜಾದಿತ್ಯರ ಹೆಸರುಗಳು ಹಿಂದೆ ಸರಿಯುತ್ತವೆ. ಶ್ಲೋಕಸಂಖ್ಯೆ ಸಹಿತವಾಗಿ ತೋರಿಸಬಹುದಾದ ಪಿತ್ರಾರ್ಜಿತವನ್ನು ಮರೆತು, ತೋರಿಸಲಾಗದ ಆಸ್ತಿಗೆ ಹಕ್ಕು ಸಾಧಿಸುವುದರಿಂದ ನಾಡಿಗೆ ಲಾಭವಿಲ್ಲ. ಶೃಂಗೇರಿ ಸೀಮೆಯ ಶಾಲೆಯೊಂದರಲ್ಲಿ ಮಕ್ಕಳು 19ರ ಮಾಲೆಯನ್ನು ಬಲದಿಂದ ಎಡಕ್ಕೆ ಬರೆದು, ಅದನ್ನು 12345679ರಿಂದ ಭಾಗಿಸಿ, ಶೇಷ ಸೊನ್ನೆಯಾಗುವುದನ್ನು ತಾವೇ ಕಂಡುಕೊಳ್ಳುವಂತಾದರೆ, ಭಾರತೀ ಕೃಷ್ಣತೀರ್ಥರಿಗೂ ಮಹಾವೀರಾಚಾರ್ಯನಿಗೂ ಅವರವರ ಪಾಲಿನ ಗೌರವ ಸಂದಂತಾಗುತ್ತದೆ.